ಮರಳಿನ ಮೇಲಣ ತೋಪು

ರಷ್ಯಾ ದೇಶದ ಚಿತ್ರಕಾರನಾದ ಇವಾನ್ ಶಿಷ್ಕಿನನು ೧೮೯೮ರಲ್ಲಿ ಮುಗಿಸಿದ ಕೊನೆಯ ದೊಡ್ಡ ಚಿತ್ರಕ್ಕೆ ‘ಹಡಗಿನ ತೋಪು’ ಎಂದು ಹೆಸರು. ಹೆಸರನ್ನು ಕೇಳಿ ಬಂದವರಿಗೆ ಅಲ್ಲಿ ಹಡಗೂ ಕಾಣದು, ಕಡಲೂ ಕಾಣದು. ಇರುವುದು ಪೈನ್ ಮರಗಳ ಕಾಡು, ಅದರ ಬುಡದಲ್ಲಿ ಮರಳು, ಮರಳಿನ ನಡುವೆ ಕಲ್ಲುಗಳನ್ನು ತೋಯಿಸುತ್ತ ಹರಿಯುವ ಒಂದು ಕಿರುತೊರೆ. ಇಂತಹ ನೀಳವಾದ ಮರಗಳನ್ನು ಕಡಿದು ಹಾಯಿಹಡಗುಗಳ ಕೂವೆಮರಗಳನ್ನು ಮಾಡುತ್ತಿದ್ದುದರಿಂದ ತೋಪಿಗೆ ಆ ಹೆಸರು ಬಂದಿತು.

ಚಿತ್ರದ ಅಗಲವು ೮ ಅಡಿಗೂ ಮಿಕ್ಕಿದೆ. ಆದರೂ ಮರಗಳು ಅದರಲ್ಲಿ ಹಿಡಿಸಿಲ್ಲ. ಮುಂದಿನ ಮರಗಳ ತಲೆಗಳನ್ನು ಚೌಕಟ್ಟೇ ಕತ್ತರಿಸಿಬಿಟ್ಟಿದೆ. ನೋಡುವವನು ತಾನೇ ಕತ್ತೆತ್ತಿ ಉಳಿದುದನ್ನು ಊಹಿಸಿಕೊಳ್ಳಬೇಕು. ನಡುವಣ ಕಾಂಡಗಳ ಮೇಲೆ ಬಿಸಿಲು ಬಿದ್ದು ತೊಗಟೆಯು ಕೆಂಪಗೆ ಹೊಳೆಯುತ್ತಿದೆ.

ಶಿಷ್ಕಿನನು ಪ್ರಕೃತಿಯನ್ನು ನಕಲು ಮಾಡುವವನೇ ಹೊರತು ಕವಿಯಲ್ಲವೆಂಬ ಆಕ್ಷೇಪವು ಆತನ ಕಾಲದಲ್ಲಿಯೇ ಇದ್ದಿತು. ಆಕ್ಷೇಪಿಸುವುದು ಸುಲಭ, ಮರಳುನೆಲದ ಮರವನ್ನು ಮರಳುನೆಲದ ಮರವಾಗಿಯೇ ಬರೆಯುವುದು ಸುಲಭವಲ್ಲ. ಬೇರೆ ಮರಗಳು ಸೊರಗುವ ಸಾರವಿಲ್ಲದ ಮಣ್ಣಿನಲ್ಲಿಯೂ ಪೈನ್ ಬೆಳೆಯುತ್ತದೆ. ಒತ್ತಾಗಿ ಬೆಳೆದಲ್ಲಿ ಬೆಳಕಿಗಾಗಿ ಮೇಲೇರುತ್ತದೆ. ನೆರಳಿಗೆ ಸಿಕ್ಕಿದ ಕೆಳಗಿನ ಕೊಂಬೆಗಳು ಒಣಗಿ ಉದುರುತ್ತವೆ. ಕೂವೆಗೆ ಒಪ್ಪುವ ಆ ನಿಡಿದಾದ ಬೋಳು ಕಾಂಡದ ಹಿಂದೆ ಇಷ್ಟು ಕಾಲದ ಹೋರಾಟವಿದೆ. ಚಿತ್ರಕಾರನು ಇದನ್ನು ಬಲ್ಲನು. ಬಲ್ಲುದನ್ನು ಒಂದಿಷ್ಟೂ ಅಲಂಕರಿಸದೆ ಬರೆದನು. ಒಲವಿಲ್ಲದವನು ಒಂದು ತೊಗಟೆಯ ಮುಂದೆ ಅಷ್ಟು ಹೊತ್ತು ಕುಳಿತಾನೆಯೆ?

ಆತನ ಮೊದಲನೆಯ ಹೆಂಡತಿಯು ೧೮೭೪ರಲ್ಲಿಯೂ ಎರಡನೆಯವಳು ೧೮೮೧ರಲ್ಲಿಯೂ ತೀರಿಕೊಂಡರು. ಮಕ್ಕಳ ಸಾವನ್ನೂ ಆತನು ಕಂಡನು. ಈ ಚಿತ್ರದಲ್ಲಿ ಮಾತ್ರ ಮರಗಳು ಯಾರಿಗಾಗಿಯೂ ಅಳುವುದಿಲ್ಲ. ಹುಟ್ಟೂರಾದ ಯೆಲಾಬುಗದ ಸಮೀಪದ ಕಾಡು, ಎಳವೆಯಿಂದ ಕಂಡ ಕಾಡು, ಬಿಸಿಲಿನಲ್ಲಿ ತನ್ನ ಪಾಡಿಗೆ ತಾನು ನಿಂತಿದೆ. ತೊರೆಗೆ ಅಡ್ಡಲಾಗಿ ಗಳುಗಳ ಒಂದು ಮುರುಕು ಬೇಲಿಯಿದೆ. ಅದನ್ನು ಕಟ್ಟಿದವರ ಸುಳಿವಿಲ್ಲ.

ಆ ವರ್ಷದ ಮಾರ್ಚಿಯಲ್ಲಿಯೇ, ತನ್ನ ೬೬ನೆಯ ವಯಸ್ಸಿನಲ್ಲಿ, ಆತನು ಪೀಟರ್ಸ್‌ಬರ್ಗ್ ನಗರದ ತನ್ನ ಚಿತ್ರಶಾಲೆಯಲ್ಲಿ ಕೆಲಸಕ್ಕೆ ಕುಳಿತಿದ್ದಂತೆಯೇ ಅಸುನೀಗಿದನು. ಎದುರಿಗಿದ್ದ ಪಟದ ಮೇಲೆ ಮತ್ತೊಂದು ಕಾಡು ಆಗತಾನೆ ಮೊದಲಾಗಿದ್ದಿತು.