ಕಲ್ಲಿಗೆ ಕಾಲ ಗೊತ್ತೇ?

ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಗೆ ಹುಣಸಗಿ–ಬೈಚಬಾಳ ಕಣಿವೆಯ ಶಿಲಾಯುಗದ ಪಾಠ. ಶಾಲೆ ಯಾದಗಿರಿ ಜಿಲ್ಲೆಯದೇ ಆದ್ದರಿಂದ ಮಕ್ಕಳಿಗೆ ಹತ್ತಿರದ ವಿಷಯವೆಂದು ಹುರುಪಿನಿಂದ ಹೋಗಿದ್ದೆ. ಕಣಿವೆಯಲ್ಲಿ ಸುಮಾರು 200 ಅಶೂಲಿಯನ್ ನೆಲೆಗಳಿವೆ. ಬೇಟೆಗಾರ ಗುಂಪುಗಳು ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ಸೇರುತ್ತಿದ್ದವು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದವು ಎಂಬುದು ಪುರಾತತ್ವಜ್ಞ ಕೆ. ಪದ್ದಯ್ಯನವರ ವಿವರಣೆ. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಸಾಲಿನ ಹುಡುಗಿ ಎದ್ದಳು. "ಸರ್, ನಮ್ಮ ಓಣ್ಯಾಗ ಬ್ಯಾಸಿಗ್ಯಾಗ ಬೆಂಗಳೂರಿಗೆ ಗುಳೆ ಹೋಗ್ತಾರ್ರಿ. ಮನಿ, ಭಾಂಡೆ ಇಲ್ಲೇ ಇರ್ತಾವ. ಅವನ್ನ ನೋಡಿ ನಾವು ಯಾವಾಗ ಇದ್ದಿವಿ ಅಂತ ಹೆಂಗ್ ಹೇಳ್ತೀರಿ? ಕಲ್ಲಿಗೆ ಮಳಿಗಾಲ, ಬ್ಯಾಸಿಗಿ ಗೊತ್ತಿರ್ತಾವೇನ್ರಿ?"

"ವಿದ್ವಾಂಸರು ಹೇಳಿದ್ದಾರೆ, ಕೂತ್ಕೋ" ಎಂದೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಪ್ರಶ್ನೆಗೆ ಉತ್ತರ ಬರಲಿಲ್ಲ."

ರಾತ್ರಿ ಕೂತು ಓದಿದಾಗ ನನ್ನ ತಪ್ಪು ತಿಳಿಯಿತು. ನೆಲೆಗಳ ಹಂಚಿಕೆ, ಇಂದಿನ ನೀರು–ಆಹಾರದ ಲಭ್ಯತೆ ನೋಡಿ ಕಟ್ಟಿದ ಊಹೆಯನ್ನು ಅದೇ ಹಂಚಿಕೆ ತೋರಿಸಿ ಸಾಬೀತು ಮಾಡಲಾಗದು. ಋತುವನ್ನು ಹೇಳುವ ಬೇರೆ ಸಾಕ್ಷ್ಯ ಬೇಕು.

ಮರುದಿನ ಇಂಗ್ಲೆಂಡಿನ ಸ್ಟಾರ್ ಕಾರ್ ಕಥೆ ಹೇಳಿದೆ. 1949ರಿಂದ 1951ರವರೆಗೆ ಅಲ್ಲಿ ಉತ್ಖನನ ಮಾಡಿದ ಗ್ರಹಾಂ ಕ್ಲಾರ್ಕ್, ಜಿಂಕೆ ಕೊಂಬುಗಳ ಆಧಾರದ ಮೇಲೆ ಅದನ್ನು ಚಳಿಗಾಲದ ಬೀಡು ಎಂದರು. 1988ರಲ್ಲಿ ಲೆಗ್ ಮತ್ತು ರೌಲಿ-ಕಾನ್ವಿ ಮರಿಜಿಂಕೆಗಳ ದವಡೆಯಲ್ಲಿ ಹಲ್ಲು ಎಷ್ಟು ಮೂಡಿದೆ ಎಂದು ಪರೀಕ್ಷಿಸಿದರು. ಬೇಟೆ ನಡೆದದ್ದು ವಸಂತದ ಕೊನೆ ಮತ್ತು ಬೇಸಿಗೆಯಲ್ಲಿ! ಕೊಂಬು ಉಪಕರಣಕ್ಕೆಂದು ಕೂಡಿಟ್ಟ ಸಾಮಗ್ರಿ. ಅದನ್ನು ಎಲ್ಲಿಂದಲೋ ತಂದು ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು.

"ನಿಮ್ಮ ಮನೆಯ ಕಸದಲ್ಲಿ ಋತು ಹೇಳುವುದು ಯಾವುದು?" ಎಂದು ಕೇಳಿದೆ.

"ಹುಣಸಿ ಬೀಜ" ಎಂದನೊಬ್ಬ.

"ಹುಣಸಿಹಣ್ಣು ವರ್ಷಾನುಗಟ್ಲೆ ಇಡ್ತಾರಲೇ, ಅದು ಕೊಂಬಿದ್ದಂಗ" ಎಂದಳು ಅದೇ ಹುಡುಗಿ. "ಸೀತಾಫಲದ ಬೀಜ ಸಿಕ್ರ ಹೇಳ್ಬಹುದ್ರಿ. ಅದನ್ನ ಇಡಾಕ ಬರಂಗಿಲ್ಲ."

ನಾನು ಕೊಡಬೇಕಿದ್ದ ಉತ್ತರವನ್ನು ಅವಳೇ ಕೊಟ್ಟಿದ್ದಳು. ಹುಣಸಗಿಯಲ್ಲಿ ಹೆಚ್ಚಾಗಿ ಉಳಿದಿರುವುದು ಕಲ್ಲು. ಎಲುಬು, ಹಲ್ಲು ಕಡಿಮೆ. ಹಾಗಾಗಿ ಹಿಂದಿನ ದಿನದ ವಾಕ್ಯವನ್ನು ಮತ್ತೆ ಬರೆದು, ಅದರ ಮುಂದೆ "ಊಹೆ" ಎಂದು ಸೇರಿಸಿದೆ. ಅಂದಿನಿಂದ ನನ್ನ ಪಾಠಯೋಜನೆಯಲ್ಲಿ ಒಂದು ಕಾಲಂ ಹೆಚ್ಚಾಗಿದೆ: "ಇದು ಹೇಗೆ ಗೊತ್ತು?"