ಹಾಸಿಗೆಯ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಕೂಸು ಇರಲಾರದು. ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಂಡಮೇಲೆ ಗಿರಿಗಟ್ಟಳೆಗೂ ಕೈ ನೀಡಿದಾಗ ಒಮ್ಮೆ ಇದನ್ನು ಕೇಳಿರುತ್ತೇವೆ, ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿನ ಕಾಲೇಜಿನ ಹೆಸರೆತ್ತಿದಾಗ ಮತ್ತೊಮ್ಮೆ ಕೇಳಿರುತ್ತೇವೆ. ಹಿರಿಯರ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೂ ಈ ಗಾದೆಯಲ್ಲೊಂದು ಕೊರತೆಯಿದೆಯೆಂದು ವಿನಯದಿಂದ ಅರಿಕೆ ಮಾಡುತ್ತೇನೆ. ಹಾಸಿಗೆಯನ್ನು ಅಳೆಯುವುದು ಹೇಗೆಂದು ಅದು ಹೇಳುವುದಿಲ್ಲ. ಅಳೆಯದೆ ಕಾಲು ನೀಡಿದವನು ಚಳಿಯಲ್ಲಿ ನಡುಗುವನು, ನಿಜ. ಆದರೆ ಅಳೆಯದೆಯೇ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದವನ ಪಾಡೇನು? ಇದ್ದ ಹಾಸಿಗೆಯೂ ಅವನಿಗೆ ದಕ್ಕಲಿಲ್ಲವಷ್ಟೆ. ಈ ಸಂಗತಿಯನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಲ್ಯಾಪ್‌ಟಾಪಿನಿಂದ. ಅದೂ ಅದರಲ್ಲಿ ಆಡಿದ ಒಂದು ವಿಡಿಯೋ ಆಟದಿಂದ.

ಆಟದ ವಿಷಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೆ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಪಗಡೆಯ ಒಂದು ಆಟದಿಂದ ಹದಿನೆಂಟು ಅಕ್ಷೋಹಿಣಿ ಸೈನ್ಯ ಮಣ್ಣುಗೂಡಿದ ಕಥೆಯನ್ನು ಅವರೇ ನಮಗೆ ಪಾಠ ಹೇಳಿದ್ದಾರೆ. ಆದುದರಿಂದ ಆಟವನ್ನು ಹಗುರವಾಗಿ ಕಾಣಬಾರದೆಂಬ ಬುದ್ಧಿಯೂ ಅವರಿಂದಲೇ ಬಂದುದೆಂದು ತಿಳಿದು ಮುಂದುವರಿಯುತ್ತೇನೆ.

2024ರ ಏಪ್ರಿಲ್ ತಿಂಗಳಲ್ಲಿ ನನ್ನ ತಮ್ಮ ಮೋಟಾರ್ ಸೈಕಲ್ಲಿನ ಹಿಂದಿನ ಪೀಠದಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ. ಹದಿನಾರರ ಹುಡುಗ, ಕಬಡ್ಡಿ ಅಂಗಳದಲ್ಲಿ ಅವನ ಕಾಲು ಹಿಡಿಯುವುದು ಸುಲಭವಲ್ಲವೆಂದು ಹೆಸರಾದವನು. ಅಂಥವನಿಗೆ ವೈದ್ಯರು ಮೂರು ತಿಂಗಳು ಮಂಚವನ್ನು ಬರೆದುಕೊಟ್ಟರು. ಮೊದಲ ವಾರ ನೆಂಟರಿಷ್ಟರು ಬಂದರು, ಎಳನೀರು ಬಂದಿತು. ಎರಡನೆಯ ವಾರದಿಂದ ಗೋಡೆಯೊಂದೇ ಅವನ ಜೊತೆಗಾರ. ಅವನು ಮಾತು ಕಡಿಮೆ ಮಾಡಿದ, ಊಟ ಕಡಿಮೆ ಮಾಡಿದ. ಮನೆಯವರಿಗೆ ಮೂಳೆಗಿಂತ ಈ ಮೌನವೇ ಹೆಚ್ಚಿನ ಚಿಂತೆಯಾಯಿತು. ಆಗ ಅವನ ತಂಡದ ಗೆಳೆಯರು ಹಣ ಕೂಡಿಸಿ, ಅವನು ಬಹುದಿನಗಳಿಂದ ಆಸೆಪಟ್ಟಿದ್ದ ದಿ ವಿಚರ್ 3 ಎಂಬ ಆಟವನ್ನು ಉಡುಗೊರೆಯಾಗಿ ಕೊಟ್ಟರು.

ಈ ಆಟ ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆಯದು. 2015ರ ಮೇ ತಿಂಗಳಲ್ಲಿ ಹೊರಬಂದುದು. ಗೆರಾಲ್ಟ್ ಎಂಬ ಬಿಳಿಗೂದಲಿನ ಬೇಟೆಗಾರ ರೋಚ್ ಎಂಬ ಕುದುರೆಯನ್ನೇರಿ ಕಾಡು, ಜವುಗು, ಹಿಮದ ದ್ವೀಪಗಳಲ್ಲಿ ಅಲೆಯುತ್ತಾನೆ. ಗಾಳಿಗೆ ಮರಗಳು ಬಾಗುತ್ತವೆ, ಸಂಜೆಯಾದರೆ ನೆರಳು ನೀಳವಾಗುತ್ತದೆ. ನಡೆಯಲಾರದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಕೊಡುಗೆ ಇನ್ನೇನಿದ್ದೀತು?

ಆದರೆ ಆಡುವುದು ಯಾವುದರಲ್ಲಿ? ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪು. ತಾಯಿಯವರು ಸ್ವಸಹಾಯ ಸಂಘದಿಂದ ಸಾಲವೆತ್ತಿ ತಂದುದು. ಅಕ್ಕ ಅದರ ಮೇಲೆ ಅರ್ಜಿ, ಲಗ್ನಪತ್ರಿಕೆ, ಸಂಘಗಳ ವರದಿ ಮುಂತಾದುವನ್ನು ಬೆರಳಚ್ಚು ಮಾಡಿ ಆ ಹಣದಿಂದಲೇ ತಿಂಗಳ ಕಂತನ್ನು ಕಟ್ಟುತ್ತಿದ್ದಳು. ಯಂತ್ರ ಕೆಟ್ಟರೆ ಆಟವಷ್ಟೇ ಅಲ್ಲ, ಕಂತೂ ನಿಲ್ಲುತ್ತದೆ. ಅಕ್ಕನ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ. ಒಪ್ಪಿಗೆ ಕೊಡಲು ಅವಳಿಗೆ ಭಯ, ಕೊಡದಿರಲು ತಮ್ಮನ ಮುಖ.

ಕಡೆಗೆ ಒಂದು ಸಂಜೆ ಆಟ ಪ್ರಾರಂಭವಾಯಿತು. ತಮ್ಮ ಚಿತ್ರದ ಸೊಗಸಿಗೆ ಸಂಬಂಧಪಟ್ಟ ಎಲ್ಲವನ್ನೂ ಮೇಲ್ಮಟ್ಟಕ್ಕೆ ಏರಿಸಿಟ್ಟಿದ್ದ. ಪರದೆಯ ಮೂಲೆಯ ಅಂಕೆ ಸೆಕೆಂಡಿಗೆ ಎಂಟು ಅಥವಾ ಒಂಬತ್ತು ಚಿತ್ರವೆಂದು ತೋರಿಸುತ್ತಿತ್ತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ. ಕುದುರೆ ಒಂದು ಹೆಜ್ಜೆಯಿಟ್ಟು ಯೋಚಿಸಿ, ಇನ್ನೊಂದು ಹೆಜ್ಜೆಯಿಡುತ್ತಿತ್ತು. ತಮ್ಮ ಸ್ವಲ್ಪ ಹೊತ್ತು ನೋಡಿ, “ಅಣ್ಣಾ, ಕುದುರಿಗೂ ಕಾಲು ಮುರದೈತೇನು?” ಎಂದ. ಎರಡು ವಾರಗಳ ಮೇಲೆ ಅವನಾಡಿದ ಮೊದಲ ತಮಾಷೆಯ ಮಾತು ಅದು. ಇದನ್ನು ಹೇಗಾದರೂ ಓಡಿಸಲೇಬೇಕೆಂದು ನಾನು ಅಂದೇ ನಿಶ್ಚಯಿಸಿದೆ.

ಪೇಟೆಯಲ್ಲಿ ವಿಚಾರಿಸಿದಾಗ ಒಬ್ಬ ಅಂಗಡಿಯವರು, ಇದನ್ನು ಕೊಟ್ಟು ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪನ್ನು ಕಂತಿನ ಮೇಲೆ ಒಯ್ಯಿರೆಂದರು. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೂ ಇದರೊಳಗಿನದಕ್ಕೂ ಅಂಕೆ ಒಂದೇ, ಆದುದರಿಂದ ಬಲವೂ ಒಂದೇ ಎಂಬುದು ಅವರ ವಾದ. ನಾವು ಕೊಳ್ಳಲಿಲ್ಲ, ಕೊಳ್ಳುವ ಶಕ್ತಿಯೂ ಇರಲಿಲ್ಲ. ಆದರೆ ಆ ಮಾತು ನಿಜವೇ ಎಂದು ಪರೀಕ್ಷಿಸಿ ನೋಡಿದೆ. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4090 ಎಂಬುದನ್ನೇ ತೆಗೆದುಕೊಳ್ಳಿ. ಮೇಜಿನ ಕಂಪ್ಯೂಟರಿನಲ್ಲಿ ಅದಕ್ಕೆ 16,384 ಲೆಕ್ಕಗಾರ ಘಟಕಗಳು, 24 ಜಿ.ಬಿ. ಸ್ವಂತ ಸ್ಮೃತಿ, 450 ವ್ಯಾಟ್ ವಿದ್ಯುತ್ತು. ಲ್ಯಾಪ್‌ಟಾಪಿನಲ್ಲಿ ಅದೇ ಅಂಕೆಯದಕ್ಕೆ 9,728 ಘಟಕಗಳು, 16 ಜಿ.ಬಿ. ಸ್ಮೃತಿ; ವಿದ್ಯುತ್ತು 80ರಿಂದ 150 ವ್ಯಾಟ್, ತಯಾರಕರು ಬಿಟ್ಟಷ್ಟು. ಹಿಂದೆ ಲ್ಯಾಪ್‌ಟಾಪಿನ ಕಾರ್ಡುಗಳ ಹೆಸರಿನ ಕೊನೆಗೆ ‘ಎಂ’ ಎಂಬ ಅಕ್ಷರವಿರುತ್ತಿತ್ತು. 2016ರಲ್ಲಿ ಬಂದ ಪೀಳಿಗೆಯಿಂದ ಅದನ್ನು ಕೈಬಿಟ್ಟರು. ಆರ್‌ಟಿಎಕ್ಸ್ 3060ರ ಲ್ಯಾಪ್‌ಟಾಪ್ ರೂಪವೂ ಒಂದು ಯಂತ್ರದಲ್ಲಿ 60 ವ್ಯಾಟಿನದು, ಮತ್ತೊಂದರಲ್ಲಿ 115 ವ್ಯಾಟಿನದು. ಒಂದೇ ಹೆಸರಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಹೊಟ್ಟೆತುಂಬ ಊಟ, ಇನ್ನೊಬ್ಬನಿಗೆ ಅರೆಹೊಟ್ಟೆ. ಹಾಜರಿ ಕೂಗಿದಾಗ ಮಾತ್ರ ಇಬ್ಬರೂ ಒಂದೇ.

ಲ್ಯಾಪ್‌ಟಾಪಿಗೆ ಇಷ್ಟು ಕಡಿಮೆ ಊಟವೇಕೆ? ತಿಂದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಬರಬೇಕು. ಎರಡು ಬೆರಳು ದಪ್ಪದ ಪೆಟ್ಟಿಗೆಯಲ್ಲಿ, ಅಂಗೈಯಗಲದ ಒಂದೆರಡು ಪಂಖಗಳಿಂದ ಎಷ್ಟು ಶಾಖವನ್ನು ಹೊರಗೆ ತಳ್ಳಲಾದೀತು? ಸುಮಾರು 95ರಿಂದ 105 ಡಿಗ್ರಿ ಮುಟ್ಟಿದರೆ ಯಂತ್ರ ಸುಟ್ಟುಹೋಗಬಾರದೆಂದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಂಕಿಗೆ ಬಿದ್ದ ಮೇಲೆ ಅಳುವುದಕ್ಕಿಂತ ಮೊದಲೇ ಹೆಜ್ಜೆ ನಿಧಾನಿಸುವುದು ಮೇಲೆಂದು ಅದಕ್ಕೆ ಗೊತ್ತು.

ಇಲ್ಲಿ ನಮ್ಮ ರಾಯಚೂರಿನವರು ಗಮನಿಸಬೇಕಾದ ಒಂದು ಮಾತುಂಟು. ತಂಪು ನಾಡಿನ ಪರೀಕ್ಷಕರು ಯಂತ್ರವನ್ನು ಒರೆಹಚ್ಚುವುದು 22 ಡಿಗ್ರಿಯ ಕೋಣೆಯಲ್ಲಿ ಎನ್ನೋಣ. 95ಕ್ಕೂ 22ಕ್ಕೂ ನಡುವಣ ಅಂತರ 73. ನಮ್ಮ ತಗಡಿನ ಮಾಳಿಗೆಯ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ. ಆಗ ಅಂತರ 55 ಮಾತ್ರ. ಶಾಖ ಹರಿಯುವುದು ಈ ಅಂತರಕ್ಕೆ ತಕ್ಕಂತೆ. ಎಂದಮೇಲೆ ಅದೇ ಯಂತ್ರ, ಅದೇ ಪಂಖ, ಆದರೂ ನಮ್ಮೂರಲ್ಲಿ ಹೊರದೂಡಬಲ್ಲ ಶಾಖ ಸುಮಾರು ಕಾಲುಭಾಗ ಕಡಿಮೆ! ಪುಸ್ತಕದಲ್ಲಿ ಬರೆದ ಶಕ್ತಿ ಪುಸ್ತಕ ಬರೆದವರ ಊರಿನದು ಎಂದು ಆಗ ಮನಗಂಡೆ.

ಇನ್ನು ನಮ್ಮ ಯಂತ್ರದ ಮಾತು. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲ. 15 ವ್ಯಾಟಿನ ಪ್ರೊಸೆಸರಿನೊಳಗೇ ಒಂದು ಮೂಲೆಯಲ್ಲಿ ಚಿತ್ರ ಬರೆಯುವ 448 ಘಟಕಗಳಿವೆ. ಇವುಗಳಿಗೆ ಒಪ್ಪಿಸಿದ ಕೆಲಸವಾದರೂ ಎಷ್ಟು? ನಮ್ಮ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಒಟ್ಟು 20,73,600. ಸೆಕೆಂಡಿಗೆ 60 ಚಿತ್ರ ಬೇಕೆಂದರೆ 12 ಕೋಟಿ 44 ಲಕ್ಷ ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು. ಪ್ರತಿಯೊಂದು ಚುಕ್ಕಿಗೂ ಬೆಳಕೆಷ್ಟು, ನೆರಳೆಷ್ಟು ಎಂದು ಲೆಕ್ಕ ಮಾಡಬೇಕು. ಕಡಪದ ಕಲ್ಲಿನ ಮೇಲೆ ರಂಗೋಲಿ ಹಾಕುವವಳನ್ನು ಇಡೀ ಊರಿನ ಅಂಗಳಕ್ಕೆ ಕಳಿಸಿದಂತಾಯಿತು.

ಅದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದು. ಬೇರೆ ಕಾರ್ಡಿಗೆ ಬಣ್ಣದ ಉಗ್ರಾಣ ಪಕ್ಕದಲ್ಲೇ ಇರುತ್ತದೆ. ಆರ್‌ಟಿಎಕ್ಸ್ 3060ರ ಲ್ಯಾಪ್‌ಟಾಪ್ ರೂಪಕ್ಕೆ ಆ ಉಗ್ರಾಣದಿಂದ ಸೆಕೆಂಡಿಗೆ 336 ಜಿ.ಬಿ. ಸಾಮಗ್ರಿ ಬರುತ್ತದೆ. ನಮ್ಮದು ಯಂತ್ರದ ಸಾಮಾನ್ಯ ಸ್ಮೃತಿಯಿಂದಲೇ ಸಾಲ ತರಬೇಕು. ಅಲ್ಲಿದ್ದುದು 8 ಜಿ.ಬಿ.ಯ ಒಂದೇ ಒಂದು ಪಟ್ಟಿ. ಅದರ ದಾರಿಯಲ್ಲಿ ಸೆಕೆಂಡಿಗೆ 25.6 ಜಿ.ಬಿ. ಮಾತ್ರ ಸಾಗೀತು. ಘಟಕಗಳು ಕುಂಚ ಹಿಡಿದು ಕುಳಿತಿವೆ, ಬಣ್ಣ ಬಂದಿಲ್ಲ! ತಳದ ತಿರುಪುಗಳನ್ನು ಬಿಚ್ಚಿ ನೋಡಿದಾಗ ಆ ಪಟ್ಟಿಯ ಪಕ್ಕದಲ್ಲೇ ಎರಡನೆಯ ಪಟ್ಟಿಗೆಂದು ಮಾಡಿದ ಜಾಗ ಖಾಲಿಯಿತ್ತು. ಶಾಲೆಯ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟಿದ್ದ ಹಣದಲ್ಲಿ 1,700 ರೂಪಾಯಿ ಕೊಟ್ಟು ಅಂಥದೇ ಮತ್ತೊಂದು ಪಟ್ಟಿಯನ್ನು ತಂದು ಸೇರಿಸಿದೆ. ದಾರಿ ಎರಡಾಯಿತು, ಸಾಗಣೆ 51.2 ಜಿ.ಬಿ.ಗೆ ಏರಿತು.

ಉಳಿದದ್ದು ಮಿತವ್ಯಯದ ಕೆಲಸ. ಅಣ್ಣತಮ್ಮಂದಿರಿಬ್ಬರೂ ಮನೆಯ ಆಯವ್ಯಯ ಪತ್ರ ಬರೆಯುವವರಂತೆ ಕುಳಿತೆವು. ಮೊದಲು ಸಿಕ್ಕಿಬಿದ್ದವನು ಗೆರಾಲ್ಟನೇ. ಈ ಆಟದಲ್ಲಿ ಹೇರ್‌ವರ್ಕ್ಸ್ ಎಂಬ ಏರ್ಪಾಡೊಂದುಂಟು. ಅದು ತಲೆಗೂದಲನ್ನೂ ಮೃಗಗಳ ರೋಮವನ್ನೂ ಎಳೆಯೆಳೆಯಾಗಿ ಅಲುಗಾಡಿಸುತ್ತದೆ. ಒಬ್ಬ ಮನುಷ್ಯನ ಕ್ಷೌರದ ಅಲಂಕಾರಕ್ಕೆ ಇಡೀ ರಾಜ್ಯದ ಬೊಕ್ಕಸ ಬರಿದಾಗುವುದನ್ನು ಇತಿಹಾಸದ ವಿದ್ಯಾರ್ಥಿಯಾದ ನಾನು ಸಹಿಸಲಾರದೆ ಅದನ್ನು ನಿಲ್ಲಿಸಿದೆ. ದೂರದ ಹುಲ್ಲು ಗಿಡಗಳನ್ನು ಕಡಿಮೆ ಮಾಡಿದೆವು. ನೆರಳಿನ ನುಣುಪನ್ನು ತಗ್ಗಿಸಿದೆವು. 2022ರ ಡಿಸೆಂಬರಿನಲ್ಲಿ ಈ ಆಟಕ್ಕೆ ಬಂದ ಹೊಸ ಆವೃತ್ತಿಯಲ್ಲಿ ಡೈರೆಕ್ಟ್‌ಎಕ್ಸ್ 12, 11 ಎಂಬ ಎರಡು ದಾರಿಗಳಿವೆ. ಹಗುರವಾದ 11ನ್ನೇ ಹಿಡಿದೆವು. ಚುಕ್ಕಿಗಳನ್ನು 1280ಕ್ಕೆ 720ರಂತೆ ಇಳಿಸಿದಾಗ ಒಟ್ಟು 9,21,600 ಆಯಿತು. ಎಂದರೆ ಕೆಲಸ ಅರ್ಧಕ್ಕಿಂತಲೂ ಕಡಿಮೆ. ಕುದುರೆ 40 ಚಿತ್ರಗಳ ವೇಗದಲ್ಲಿ ಓಡಿತು.

ಆದರೆ ಅಕ್ಕ ನೋಡುತ್ತಿದ್ದುದು ಕುದುರೆಯನ್ನಲ್ಲ, ಶಾಖದ ಅಂಕೆಯನ್ನು. ಅದು 94 ಮುಟ್ಟಿತ್ತು. “ನಿಮ್ಮ ಆಟ ಚೆಂದ ಐತಿ, ನನ್ನ ಕಂತು ಯಾರು ಕಟ್ಟತಾರ?” ಎಂದಳು. ಅವಳ ಪ್ರಶ್ನೆ ನ್ಯಾಯವಾದುದು. ಆಗ ನೆರವಿಗೆ ಬಂದದ್ದು ಭೌತಶಾಸ್ತ್ರದ ಒಂದು ಸಣ್ಣ ಸೂತ್ರ. ಇಂಥ ಚಿಪ್ಪು ಲೆಕ್ಕ ಮಾಡುವಾಗ ತಿನ್ನುವ ವಿದ್ಯುತ್ತು ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ತಗ್ಗಿದರೆ ವೋಲ್ಟೇಜನ್ನೂ ತಗ್ಗಿಸಬಹುದು. ಎರಡನ್ನೂ ಐದರಲ್ಲೊಂದು ಪಾಲು ತಗ್ಗಿಸಿದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 150 ವ್ಯಾಟಿನ 4090 ತನ್ನ 450 ವ್ಯಾಟಿನ ಅಣ್ಣನ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವ ಗುಟ್ಟೂ ಇದೇ. ಕಟ್ಟಕಡೆಯ ಸ್ವಲ್ಪ ವೇಗಕ್ಕಾಗಿಯೇ ಬಹುಪಾಲು ಬೆವರು ಹರಿಯುವುದು. ನಾವು ಆಟವನ್ನು ಸೆಕೆಂಡಿಗೆ 30 ಚಿತ್ರಕ್ಕೆ ಕಟ್ಟಿಹಾಕಿದೆವು. ಪಂಖದ ಧೂಳನ್ನು ಚಿತ್ರಗಾರನ ಕುಂಚದಿಂದ ತೆಗೆದೆವು. ಹಾಸಿಗೆಯ ಮೇಲೆ ಇಟ್ಟರೆ ಗಾಳಿಕಿಂಡಿ ಮುಚ್ಚುವುದರಿಂದ ಮಂಚಕ್ಕೆ ಅಡ್ಡಲಾಗಿ ಒಂದು ಹಲಗೆ, ಅದರ ಮೇಲೆ ಎರಡು ಮರದ ತುಂಡು, ಅದರ ಮೇಲೆ ಯಂತ್ರ. ಸೂರ್ಯ ಮುಳುಗಿದ ಮೇಲೆ ಎರಡು ಗಂಟೆ ಮಾತ್ರ ಆಟ. ಅಂಕೆ 78ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅಕ್ಕ ಒಪ್ಪಿದಳು.

ಹೀಗೆ ಮೂರು ತಿಂಗಳು ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಕುದುರೆಯ ಗೊರಸಿನ ಸದ್ದು ಕೇಳುತ್ತಿತ್ತು. ಗೆಳೆಯರು ಮಂಚದ ಸುತ್ತ ಕೂತು ದಾರಿ ಹೇಳುವರು. ತಾಯಿಯವರೂ ಒಮ್ಮೊಮ್ಮೆ ಬಂದು, ಆ ಮನುಷ್ಯ ಇಷ್ಟು ತಿರುಗಿದರೂ ಎಲ್ಲಿಯೂ ಕೂತು ಉಣ್ಣುವುದಿಲ್ಲವಲ್ಲ ಎಂದು ಮರುಗುವರು. ನೊವಿಗ್ರಾಡ್ ಎಂಬ ಜನನಿಬಿಡ ಪಟ್ಟಣವನ್ನು ಹೊಕ್ಕರೆ ಮಾತ್ರ ಚಿತ್ರ 22ಕ್ಕೆ ಇಳಿಯುತ್ತಿತ್ತು. ತಮ್ಮ ಅದಕ್ಕೆ ಬೇಸರಪಡಲಿಲ್ಲ. ಸಂತೆಯಲ್ಲಿ ಕುದುರೆ ಓಡಿಸುವುದು ಎಲ್ಲಿಯೂ ಕಷ್ಟವೇ ಎಂದು ಕೋಟೆಯ ಹೊರಗಿನಿಂದ ಸುತ್ತಿಕೊಂಡು ಹೋಗುತ್ತಿದ್ದ. ಜುಲೈ ತಿಂಗಳಲ್ಲಿ ಅವನು ಕೋಲು ಹಿಡಿದು ಅಂಗಳಕ್ಕೆ ನಡೆದ. ಆಟದ ಅರ್ಧ ಭಾಗ ಇನ್ನೂ ಉಳಿದಿತ್ತು; ಅದರ ನೆನಪೂ ಅವನಿಗೆ ಆಗಲಿಲ್ಲ.

ಸರ್ಕಾರಿ ಕಾಲೇಜಿನಲ್ಲಿ ಓದುವ ನಮಗೆ ಮಿತಿಗಳೇನೂ ಹೊಸವಲ್ಲ. ಬೇರೆಯವರ ಯಂತ್ರವನ್ನೋ ಕಾಲೇಜನ್ನೋ ನೋಡಿ ನಮ್ಮದು ಆಗದು ಎಂದು ಕೈಚೆಲ್ಲುವುದು ಸುಲಭ. ಮಿತಿಯ ಅಂಕೆ ತಿಳಿದವನಿಗಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಆಯ್ಕೆಯಾದರೂ ಕೈಯಲ್ಲಿರುತ್ತದೆ. ಗೆರಾಲ್ಟನ ಕೂದಲು ಹೋಯಿತು, ಕುದುರೆ ಉಳಿಯಿತು. ನಮಗೆ ಬೇಕಾದದ್ದು ಕುದುರೆಯೇ ಆಗಿತ್ತು. ಆದರೆ ಬಿಡುವುದರಲ್ಲಿಯೇ ಎಲ್ಲ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ತಿರುಪು ಬಿಚ್ಚದೆ ಹೋಗಿದ್ದರೆ ಆ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು, ನಾವು ಅದನ್ನೇ ಯಂತ್ರದ ಮಿತಿಯೆಂದು ತಿಳಿಯುತ್ತಿದ್ದೆವು. ಆದುದರಿಂದ ಲ್ಯಾಪ್‌ಟಾಪು ಕೊಳ್ಳಲಿರುವ ಸಹಪಾಠಿಗಳಿಗೆ ನನ್ನದೊಂದು ಬಿನ್ನಹ: ಹೆಸರಿನ ಅಂಕೆಯನ್ನು ಕೇಳಿ ತಲೆದೂಗಬೇಡಿ. ಗ್ರಾಫಿಕ್ಸಿಗೆ ಎಷ್ಟು ವ್ಯಾಟು, ಸ್ಮೃತಿಯ ಪಟ್ಟಿ ಒಂದೋ ಎರಡೋ, ಮತ್ತೊಂದಕ್ಕೆ ಜಾಗವುಂಟೋ ಎಂದು ಕೇಳಿರಿ. ನಮ್ಮ ಯಂತ್ರದ ಕಂತುಗಳು ತೀರಿವೆ. ಅಕ್ಕನ ಬೆರಳಚ್ಚು ಈಗ ಮೊದಲಿಗಿಂತ ಬೇಗ ಸಾಗುತ್ತಿದೆ.