ಜಪಾನಿನ ಪೂರ್ವ ಕರಾವಳಿಯ ಒಂದು ಆಟದ ಬಯಲು

ಟೋಕಿಯೋ ನಗರದ ಉಯೆನೊ ನಿಲ್ದಾಣದಲ್ಲಿ ಜೋಬಾನ್ ಮಾರ್ಗದ ರೈಲನ್ನು ಹತ್ತಿ ಈಶಾನ್ಯ ದಿಕ್ಕಿಗೆ ಹೊರಟರೆ, ನಗರದ ನಿಬಿಡವಾದ ಮನೆಸಾಲುಗಳು ಮೆಲ್ಲಮೆಲ್ಲನೆ ಹಿಂದುಳಿದು, ಬತ್ತದ ಗದ್ದೆಗಳೂ ಮರಗಳಿಂದ ತುಂಬಿದ ಸಣ್ಣ ಗುಡ್ಡಗಳೂ ಮುಂದೆ ಬರುತ್ತವೆ. ಸುಮಾರು ಎರಡು ಗಂಟೆಗಳ ಪಯಣದ ಮೇಲೆ ಇವಾಕಿ ಎಂಬ ಪಟ್ಟಣವು ಸಿಕ್ಕುವುದು. ಅಲ್ಲಿಂದಾಚೆಗೆ ಬಲಗಡೆಯಲ್ಲಿ ಆಗಾಗ ಶಾಂತಸಾಗರದ ನೀಲಿಯು ಇಣಿಕಿ ಮರೆಯಾಗುತ್ತಿರುವುದು. ಹಿರೋನೊ ಮತ್ತು ನರಹ ಎಂಬ ಎರಡು ಸಣ್ಣ ಊರುಗಳ ನಡುವೆ, ಕಡಲಿಗೆ ಸಮೀಪದಲ್ಲಿ, ‘ಜೆ ವಿಲೇಜ್’ ಎಂಬ ಒಂದು ನಿಲ್ದಾಣವುಂಟು. ಅದು 2019ರಲ್ಲಿ ತೆರೆದುದು. ಇದೇ ಫುಕುಷಿಮ ಪ್ರಾಂತ.

ಜಪಾನಿಗೆ ಹೋದವರು ಸಾಮಾನ್ಯವಾಗಿ ಕ್ಯೋಟೊ ನಗರದ ದೇವಾಲಯಗಳನ್ನೂ, ಫುಜಿ ಪರ್ವತವನ್ನೂ, ವಸಂತದಲ್ಲಿ ಅರಳುವ ಚೆರಿ ಹೂಗಳನ್ನೂ ಕಂಡು ಬರುತ್ತಾರೆ. ಈ ನಿಲ್ದಾಣದಲ್ಲಿ ಇಳಿದವರಿಗೆ ಕಾಣುವುದು ಹುಲ್ಲು. ಒಂದರ ಪಕ್ಕದಲ್ಲೊಂದು ಹಾಸಿದ ಕಾಲ್ಚೆಂಡಾಟದ ಬಯಲುಗಳು. 1997ರಲ್ಲಿ ಈ ಕೇಂದ್ರವನ್ನು ಟೋಕಿಯೋ ವಿದ್ಯುಚ್ಛಕ್ತಿ ಕಂಪೆನಿಯು ಕಟ್ಟಿಸಿ ಪ್ರಾಂತಕ್ಕೆ ಒಪ್ಪಿಸಿತು. ದೇಶದ ಆಟಗಾರರೆಲ್ಲ ಬಂದು ಅಭ್ಯಾಸಮಾಡಲೆಂದು ಕಟ್ಟಿದ ತಾಣವಿದು. 2002ರ ವಿಶ್ವಕಪ್ ಪಂದ್ಯಗಳ ಕಾಲದಲ್ಲಿ ಅರ್ಜೆಂಟೀನ ದೇಶದ ತಂಡವು ಇಲ್ಲಿಯೇ ಬೀಡುಬಿಟ್ಟಿದ್ದಿತು. ಇಲ್ಲಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ ಅದೇ ಕಂಪೆನಿಯ ಪರಮಾಣು ವಿದ್ಯುತ್ ಕೇಂದ್ರವಾದ ಫುಕುಷಿಮ ದಾಯಿಚಿ ಇರುವುದು. ಆ ಕೇಂದ್ರದ ಹೆಸರನ್ನು ಈಗ ಕೇಳದವರಿಲ್ಲ. ಆದರೆ ಅಲ್ಲಿ ಕೆಲಸಮಾಡುತ್ತ ಈ ಹುಲ್ಲಿನ ಮೇಲೆ ಆಡುತ್ತಿದ್ದ ಹೆಣ್ಣುಮಕ್ಕಳ ತಂಡವೊಂದಿದ್ದಿತೆಂಬುದನ್ನು ಬಲ್ಲವರು ವಿರಳ.

ಆ ತಂಡದ ಕತೆಯನ್ನು ತಿಳಿಯಬೇಕಾದರೆ ಜಪಾನಿನ ವನಿತೆಯರ ಕಾಲ್ಚೆಂಡಾಟವು ಯಾರ ಆಶ್ರಯದಲ್ಲಿ ಬೆಳೆಯಿತೆಂಬುದನ್ನು ಮೊದಲು ನೋಡಬೇಕು. ಅಲ್ಲಿ ಮಹಿಳೆಯರ ಪಂದ್ಯಾವಳಿಯು 1989ರಲ್ಲಿ ಕೇವಲ 6 ತಂಡಗಳಿಂದ ಮೊದಲಾಯಿತು. ಅವುಗಳಲ್ಲಿ ಕೋಬೆ ನಗರದ ಒಂದು ತಂಡವನ್ನು ಮುತ್ತಿನ ವ್ಯಾಪಾರದ ತಸಾಕಿ ಕಂಪೆನಿಯು ಸಾಕುತ್ತಿದ್ದಿತು. ಇಗ ಎಂಬ ಊರಿನ ತಂಡದ ಬೆಂಬಲಕ್ಕೆ ಮಾಂಸದ ತಿನಿಸುಗಳನ್ನು ತಯಾರಿಸುವ ಪ್ರಿಮ ಹ್ಯಾಮ್ ಕಂಪೆನಿಯು ನಿಂತಿದ್ದಿತು. ಕಂಪೆನಿಯ ಹೆಸರು ಆಟದ ಅಂಗಿಯ ಮೇಲೆ. ಕಂಪೆನಿಯ ಸಂಬಳ ಆಟಗಾರ್ತಿಯ ಕೈಗೆ. ವ್ಯಾಪಾರವು ಉಕ್ಕಿಬರುತ್ತಿದ್ದ ಆ ಕಾಲದಲ್ಲಿ ನಾರ್ವೆ ದೇಶದ ಹೆಗೆ ರೀಸೆಯಂತಹ ಪ್ರಸಿದ್ಧ ಆಟಗಾರ್ತಿಯರೂ ಸಮುದ್ರಗಳನ್ನು ದಾಟಿ ಬಂದು ಇಲ್ಲಿ ಆಡಿದರು.

ಆದರೆ ಸಿರಿಯು ಇಳಿಮುಖವಾದೊಡನೆ ಆಶ್ರಯವೂ ಇಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇಕೆಂದು ನಮ್ಮಲ್ಲಿ ಕೇಳುವರಷ್ಟೆ. ಕಂಪೆನಿಗಳ ಯಜಮಾನರಿಗೆ ಹೆಂಗಸರ ತಂಡವು ಜುಟ್ಟಿನ ಮಲ್ಲಿಗೆಯಂತೆಯೇ ಕಂಡಿತು. ನಿಕ್ಕೊ ಎಂಬ ಹಣಕಾಸಿನ ಕಂಪೆನಿಯ ತಂಡವು 1996, 1997, 1998, ಹೀಗೆ ಸತತವಾಗಿ ಮೂರು ವರ್ಷ ಪಂದ್ಯಾವಳಿಯನ್ನು ಗೆದ್ದಿತು. ಮೂರನೆಯ ಗೆಲುವಿನ ಬೆನ್ನಲ್ಲಿಯೇ ವಿಸರ್ಜನೆಯಾಯಿತು. ಸೋತವರು ಮನೆಗೆ ಹೋಗುವುದು ಆಟದ ನಿಯಮ. ಗೆದ್ದವರೂ ಮನೆಗೆ ಹೋಗಬೇಕಾಗಿ ಬಂದುದು ಆಶ್ರಯದ ನಿಯಮ. ದೇಶದ ಮಹಿಳಾ ತಂಡಕ್ಕೆ 2000ದ ಒಲಿಂಪಿಕ್ ಪಂದ್ಯಗಳಲ್ಲಿ ಸ್ಥಾನವೇ ದೊರೆಯಲಿಲ್ಲ.

ಮುಂದಿನ ಒಲಿಂಪಿಕ್ಕಿನ ಅರ್ಹತೆಗಾಗಿ 2004ರ ಏಪ್ರಿಲಿನಲ್ಲಿ ಟೋಕಿಯೋದಲ್ಲಿ ಉತ್ತರ ಕೊರಿಯದೊಡನೆ ಪಂದ್ಯ ನಡೆಯಿತು. 31,000ಕ್ಕೂ ಮಿಕ್ಕ ಜನ ನೆರೆದು ನೋಡುತ್ತಿರಲು ಜಪಾನಿನ ವನಿತೆಯರು 3–0 ಗೋಲುಗಳಿಂದ ಗೆದ್ದರು. ಅದೇ ವರ್ಷ ರಾಷ್ಟ್ರದ ತಂಡಕ್ಕೆ ‘ನಾದೆಶಿಕೊ’ ಎಂಬ ಹೆಸರು ಬಂದಿತು. ಪಂದ್ಯಾವಳಿಯೂ ಅದೇ ಹೆಸರನ್ನು ತಳೆಯಿತು. ನಾದೆಶಿಕೊ ಎಂಬುದು ಬಯಲಿನಲ್ಲಿ ತಾನಾಗಿ ಬೆಳೆಯುವ, ಎಸಳಿನ ಅಂಚು ಸೀಳುಸೀಳಾದ, ನಸುಗೆಂಪು ಬಣ್ಣದ ಒಂದು ಹೂವು. ಜಪಾನೀಯರು ಶರತ್ಕಾಲದ ಏಳು ಸಸ್ಯಗಳಲ್ಲಿ ಇದನ್ನು ಎಣಿಸುತ್ತಾರೆ. ಸೌಮ್ಯಳೂ ಒಳಗೆ ಗಟ್ಟಿಗಳೂ ಆದ ಆದರ್ಶ ಗೃಹಿಣಿಯನ್ನು ಈ ಹೂವಿನ ಹೆಸರಿನಿಂದ ಕರೆಯುವುದು ಅವರಲ್ಲಿ ಹಳೆಯ ವಾಡಿಕೆ. ಮನೆಯೊಳಗಿನ ಹೆಣ್ಣಿಗೆ ಸಲ್ಲುತ್ತಿದ್ದ ಹೆಸರು ಹೀಗೆ ಬಯಲಿನಲ್ಲಿ ಓಡುವ ಹೆಣ್ಣಿಗೂ ಸಂದಿತು.

ಹೆಸರು ಹೂವಿನದಾದರೂ ಬಾಳು ಸುಖದ್ದೇನೂ ಆಗಿರಲಿಲ್ಲ. ತಂಡದಲ್ಲಿ ಹೆಚ್ಚು ಜನ ಹಗಲಿನಲ್ಲಿ ಅಂಗಡಿ, ಕಛೇರಿ, ಕಾರ್ಖಾನೆಗಳಲ್ಲಿ ದುಡಿದು, ಕೆಲಸ ಮುಗಿದ ಮೇಲೆ ಅಭ್ಯಾಸಕ್ಕೆ ಇಳಿಯುತ್ತಿದ್ದರು. ಒಕಯಾಮ ಪ್ರಾಂತದಲ್ಲಿ ಯುನೊಗೊ ಎಂಬ ಬಿಸಿನೀರಿನ ಬುಗ್ಗೆಗಳ ಊರೊಂದುಂಟು. ಅಲ್ಲಿಯ ತಂಡದ ಹುಡುಗಿಯರಲ್ಲಿ ಕೆಲವರು ಊರಿನ ವಸತಿಗೃಹಗಳಲ್ಲಿ ಕೆಲಸಮಾಡಿಕೊಂಡು ಆಡುತ್ತಿದ್ದರು. ಅತಿಥಿಗೆ ಊಟ ಬಡಿಸಿದ ಕೈಗಳು ಸಂಜೆಯಲ್ಲಿ ಆಟದ ಬೂಟಿನ ದಾರವನ್ನು ಬಿಗಿಯುತ್ತಿದ್ದುವು.

ಫುಕುಷಿಮದ ಕರಾವಳಿಯ ತಂಡವೂ ಇದೇ ಬಗೆಯದು. 2005ರಲ್ಲಿ ಟೋಕಿಯೋ ವಿದ್ಯುಚ್ಛಕ್ತಿ ಕಂಪೆನಿಯು ಇನ್ನೊಂದು ಕಂಪೆನಿಯಿಂದ ತಂಡವೊಂದನ್ನು ವಹಿಸಿಕೊಂಡು, ಅದಕ್ಕೆ ‘ಮರೀಜೆ’ ಎಂಬ ಹೆಸರಿಟ್ಟಿತು. ಕಡಲು ಮತ್ತು ತಂಗಾಳಿ ಎಂಬ ಅರ್ಥದ ಎರಡು ಇಂಗ್ಲಿಷ್ ಮಾತುಗಳನ್ನು ಬೆಸೆದು ಮಾಡಿದ ಹೆಸರದು. ಜೆ ವಿಲೇಜಿನ ಬಯಲೇ ಅವರ ಮನೆ. ಆಟಗಾರ್ತಿಯರು ವಿದ್ಯುತ್ ಕೇಂದ್ರದಲ್ಲಿ ನೌಕರರು. ದಿನದ ಒಂದು ಭಾಗ ಕಛೇರಿ, ಮಿಕ್ಕ ಭಾಗ ಚೆಂಡು. ರಾಷ್ಟ್ರದ ತಂಡದಲ್ಲಿ ಆಡಿದ ಕರೀನ ಮರುಯಾಮ ಇಲ್ಲಿ ಕೆಲವು ವರ್ಷ ಇದ್ದವರು. ಆಯ ಸಮೆಶಿಮ 2011ರ ಆದಿಯಲ್ಲಿ ಇಲ್ಲಿಯೇ ಇದ್ದರು. ಸಣ್ಣ ಊರುಗಳ ಜನಕ್ಕೆ ಆ ಹುಡುಗಿಯರು ನೆರೆಮನೆಯವರಂತೆ ಪರಿಚಿತರಾಗಿದ್ದರು.

2011ನೆಯ ಇಸವಿ ಮಾರ್ಚ್ 11ರ ಮಧ್ಯಾಹ್ನ ಭೂಮಿಯು ನಡುಗಿತು. ಕಡಲು ಎದ್ದು ಬಂದು ಈ ಕರಾವಳಿಯ ಊರುಗಳನ್ನು ಕೊಚ್ಚಿತು. 15,000ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ದಾಯಿಚಿಯ ಪರಮಾಣು ಕುಲುಮೆಗಳನ್ನು ತಣಿಸುವ ಯಂತ್ರಗಳು ನಿಂತುಹೋಗಿ, ವಿಷಕಿರಣಗಳು ಗಾಳಿಗೂ ನೆಲಕ್ಕೂ ಸೇರಿದುವು. ಸುತ್ತಿನ ಊರುಗಳ ಜನ ಮನೆಗೆ ಬೀಗ ಹಾಕಿ ಹೊರಟರು. ಮರೀಜೆ ತಂಡವು ಆ ದಿನ ದೂರದ ದಕ್ಷಿಣದ ಮಿಯಜಾಕಿ ಪ್ರಾಂತದಲ್ಲಿ ಅಭ್ಯಾಸದ ಶಿಬಿರದಲ್ಲಿದ್ದಿತು. ಆಟಗಾರ್ತಿಯರ ಜೀವ ಉಳಿಯಿತು. ಆದರೆ ಮರಳಿ ಹೋಗಲು ಅವರ ಊರು ಉಳಿಯಲಿಲ್ಲ. ತಂಡವು ಆ ವರ್ಷದ ಪಂದ್ಯಾವಳಿಯಿಂದ ಹಿಂದೆಗೆಯಿತು. ಮುಂದೆಂದೂ ಆ ಹೆಸರಿನಿಂದ ಕಣಕ್ಕಿಳಿಯಲಿಲ್ಲ. ಜೆ ವಿಲೇಜ್ ವಿಪತ್ತನ್ನು ಎದುರಿಸುವ ಕೆಲಸಗಾರರ ಪಾಳೆಯವಾಯಿತು. ಹುಲ್ಲಿನ ಮೇಲೆ ಜಲ್ಲಿ ಬಿದ್ದು ವಾಹನಗಳು ನಿಂತುವು. ಕ್ರೀಡಾಂಗಣದೊಳಗೆ ಕೆಲಸಗಾರರು ಮಲಗುವ ಕೊಠಡಿಗಳೆದ್ದುವು.

ಆ ವರ್ಷದ ಪಂದ್ಯಾವಳಿಯು ತಡವಾಗಿ, ಒಂದು ತಂಡ ಕಡಮೆಯಾಗಿ ಆರಂಭವಾಯಿತು. ನಡುವೆ ಜೂನ್ ಜುಲೈ ತಿಂಗಳುಗಳಲ್ಲಿ ಜರ್ಮನಿಯಲ್ಲಿ ವಿಶ್ವಕಪ್. ಎಂಟರ ಘಟ್ಟದಲ್ಲಿ ಎದುರಾದುದು ಹಿಂದಿನ ಎರಡು ಸಲವೂ ಕಪ್ಪನ್ನು ಗೆದ್ದಿದ್ದ ಜರ್ಮನಿ. ಅದೂ ಅವರ ನೆಲದಲ್ಲಿಯೇ. ಆ ಪಂದ್ಯಕ್ಕೆ ಮುಂಚೆ ಶಿಕ್ಷಕರಾದ ನೋರಿಯೊ ಸಾಸಾಕಿಯವರು ತಮ್ಮ ತಂಡದವರಿಗೆ ಪ್ರಳಯದಿಂದ ಹಾಳಾದ ಊರುಗಳ ಚಿತ್ರಗಳನ್ನು ತೋರಿಸಿದರು. ಹೆಚ್ಚುವರಿ ವೇಳೆಯ 108ನೆಯ ನಿಮಿಷದಲ್ಲಿ ಪಂದ್ಯದ ಏಕೈಕ ಗೋಲನ್ನು ಹೊಡೆದವರು, ಹಿಂದೆ ಆ ವಿದ್ಯುತ್ ಕೇಂದ್ರದಲ್ಲಿ ಕೆಲಸಮಾಡಿದ್ದ ಕರೀನ ಮರುಯಾಮ ಅವರೇ. ಜುಲೈ 17ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಅಮೆರಿಕದೊಡನೆ ಅಂತಿಮ ಪಂದ್ಯ. ಎರಡು ಸಲ ಹಿಂದೆಬಿದ್ದು, ಎರಡು ಸಲವೂ ಸಮಮಾಡಿಕೊಂಡರು. ಮೊದಲನೆಯ ಸಲ ಯುನೊಗೊ ತಂಡದ ಆಯ ಮಿಯಾಮ. ಎರಡನೆಯ ಸಲ, ಆಟ ಮುಗಿಯಲು ಮೂರೇ ನಿಮಿಷಗಳಿರುವಾಗ, ನಾಯಕಿ ಹೊಮಾರೆ ಸಾವಾ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ 3–1ರಿಂದ ಕಪ್ಪು ಜಪಾನಿನದಾಯಿತು. ಏಷ್ಯ ಖಂಡದ ಯಾವ ದೇಶಕ್ಕೂ ಅದಕ್ಕೆ ಹಿಂದೆ ಆ ಗೌರವ ಬಂದಿರಲಿಲ್ಲ. ಅಂದು ಗೆದ್ದ ತಂಡದ ಎಡಬದಿಯನ್ನು ಕಾದವರು ಆಯ ಸಮೆಶಿಮ. ಅವರಿಗೆ ಆಗ ಹಿಂದಿರುಗಲು ಫುಕುಷಿಮದ ತಂಡವಿರಲಿಲ್ಲ, ಅಮೆರಿಕದ ಬಾಸ್ಟನ್ ನಗರದ ತಂಡವನ್ನು ಸೇರಿದ್ದರು.

ವಿಜಯಿಗಳು ಮರಳಿ ಬಂದು ತಂತಮ್ಮ ತಂಡಗಳನ್ನು ಸೇರಿದಾಗ ನೋಟಕರ ಪ್ರವಾಹವೇ ಹರಿಯಿತು. ಮುಂಚೆ ಕೆಲವು ನೂರು ಜನ ಬರುತ್ತಿದ್ದ ಪಂದ್ಯಗಳಿಗೆ 10,000ಕ್ಕೂ ಮಿಕ್ಕ ಜನ ನೆರೆದುದುಂಟು. ಸಾವಾ ಅವರಿದ್ದ ಕೋಬೆಯ ಐನಾಕ್ ತಂಡವು ಆ ವರ್ಷ ಮೊದಲ ಬಾರಿಗೆ ಪಂದ್ಯಾವಳಿಯನ್ನು ಗೆದ್ದಿತು. ದೇಶವು ಲೋಕವನ್ನೇ ಗೆದ್ದ ಋತುವೂ, ಒಂದು ತಂಡವು ನೆಲೆಯನ್ನೇ ಕಳೆದುಕೊಂಡ ಋತುವೂ ಒಂದೇ.

ಆದರೆ ಆ ತಂಡದ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಅಧ್ಯಾಯವನ್ನು ನೋಡಲು ಪ್ರವಾಸಿಯು ಅದೇ ಜೋಬಾನ್ ಮಾರ್ಗದಲ್ಲಿ ಉತ್ತರಕ್ಕೆ ಹೋಗಬೇಕು. ರೈಲು ನರಹವನ್ನು ದಾಟುವುದು. ಆ ಊರಿನವರಿಗೆ ಮನೆಗೆ ಮರಳಲು ಅಪ್ಪಣೆ ದೊರೆತುದು 2015ರ ಸೆಪ್ಟೆಂಬರಿನಲ್ಲಿ. ಮುಂದೆ ತೊಮಿಯೊಕ, ಅಲ್ಲಿಯ ಹಳೆಯ ನಿಲ್ದಾಣವನ್ನು ತೆರೆಯು ಒಯ್ದಿದ್ದಿತು, ಈಗಿನದು 2017ರದು. ಅಲ್ಲಿಂದ ನಮಿಎವರೆಗಿನ ಕಂಬಿಗಳ ಮೇಲೆ ಒಂಬತ್ತು ವರ್ಷ ರೈಲು ಓಡಲಿಲ್ಲ; 2020ರ ಮಾರ್ಚ್ 14ರಂದು ಮತ್ತೆ ಓಡಿತು. ಈ ದಾರಿಯು ಕೊನೆಗೆ ಸೆಂದಾಯಿ ಎಂಬ ದೊಡ್ಡ ನಗರಕ್ಕೆ ಒಯ್ಯುವುದು.

ಸೆಂದಾಯಿ ಮರಗಳ ನಗರವೆಂದು ಪ್ರಸಿದ್ಧವಾದುದು. ಅಲ್ಲಿ ಪ್ರತಿವರ್ಷ ಆಗಸ್ಟಿನಲ್ಲಿ ‘ತನಬತ’ ಎಂಬ ನಕ್ಷತ್ರಗಳ ಹಬ್ಬವು ನಡೆಯುವುದು. ಆಕಾಶಗಂಗೆಯ ಎರಡು ದಡಗಳಲ್ಲಿ ಅಗಲಿರುವ ಪ್ರೇಮಿಗಳು ವರ್ಷಕ್ಕೊಂದು ರಾತ್ರಿ ಕೂಡುವರೆಂಬುದು ಅದರ ಕತೆ. ಆ ಎರಡು ನಕ್ಷತ್ರಗಳನ್ನು ನಾವು ಅಭಿಜಿತ್ ಎಂದೂ ಶ್ರವಣವೆಂದೂ ಕರೆಯುತ್ತೇವೆ. ಪಾಶ್ಚಾತ್ಯರು ವೇಗ, ಆಲ್ಟಾಯಿರ್ ಎನ್ನುತ್ತಾರೆ. ಈ ಎರಡು ಹೆಸರುಗಳನ್ನು ಕೂಡಿಸಿ ಊರಿನ ಕಾಲ್ಚೆಂಡಿನ ಸಂಘಕ್ಕೆ ‘ವೆಗಾಲ್ಟ’ ಎಂದು ಹೆಸರಿಟ್ಟಿದ್ದಾರೆ. ಚದರಿಹೋದ ಮರೀಜೆಯ ಆಟಗಾರ್ತಿಯರಲ್ಲಿ ಹಲವರನ್ನು ಈ ಸಂಘವು ಬರಮಾಡಿಕೊಂಡು 2012ರಲ್ಲಿ ಮಹಿಳೆಯರ ತಂಡವನ್ನು ಕಟ್ಟಿತು. ಅಗಲಿದವರನ್ನು ಕೂಡಿಸುವ ನಕ್ಷತ್ರಗಳ ಹೆಸರು ಅವರಿಗೆ ಚೆನ್ನಾಗಿಯೇ ಒಪ್ಪಿತು. ಸಮೆಶಿಮ ಅವರೂ ವಿದೇಶದಿಂದ ಬಂದು ಇಲ್ಲಿ ಸೇರಿಕೊಂಡರು. ಎರಡನೆಯ ದರ್ಜೆಯಲ್ಲಿ ಆರಂಭಿಸಿದ ತಂಡವು ಮರುವರ್ಷವೇ ಮೊದಲ ದರ್ಜೆಗೆ ಏರಿತು.

2021ರ ಸೆಪ್ಟೆಂಬರಿನಲ್ಲಿ ಮಹಿಳೆಯರಿಗಾಗಿ ವೃತ್ತಿನಿರತರ ಹೊಸ ಪಂದ್ಯಾವಳಿಯು ಹುಟ್ಟಿತು. ಅದನ್ನು ‘ವೀ ಲೀಗ್’ ಎನ್ನುತ್ತಾರೆ. ಮೊದಲ ಋತುವಿನ 11 ತಂಡಗಳಲ್ಲಿ ಸೆಂದಾಯಿಯ ತಂಡವೂ ಒಂದು. ಪ್ರತಿಯೊಂದು ತಂಡವೂ 15 ಜನರಿಗಾದರೂ ವೃತ್ತಿಯ ಕರಾರಿನ ಮೇಲೆ ಸಂಬಳ ಕೊಡಬೇಕು. ಸಂಘದ ಆಡಳಿತದಲ್ಲಿಯೂ ಹೆಂಗಸರಿಗೆ ಸ್ಥಾನವಿರಬೇಕು. ಮೂರು ವರ್ಷಗಳೊಳಗೆ ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಹೆಂಗಸರಾಗಿರಬೇಕು ಎಂದು ನಿಯಮಗಳನ್ನು ಮಾಡಿದರು. ತಂಡಗಳು 11 ಆದುದರಿಂದ ಪ್ರತಿವಾರವೂ ಒಂದಕ್ಕೆ ಆಟವಿರಲಿಲ್ಲ. ಆ ಬಿಡುವಿನ ದಿನದಲ್ಲಿ ಆ ತಂಡದವರು ಸಮಾಜದ ಕೆಲಸಗಳಲ್ಲಿ ತೊಡಗುವ ಪದ್ಧತಿಯನ್ನು ಇಟ್ಟರು.

ಹಣದ ಚಿಂತೆ ಇದರಿಂದ ತೀರಿತೆಂದು ಹೇಳುವಂತಿಲ್ಲ. ಪಂದ್ಯವೊಂದಕ್ಕೆ 5,000 ಜನ ಬರಲೆಂದು ಹಾರೈಸಿದ್ದರು. ಮೊದಲ ಋತುವಿನ ಸರಾಸರಿಯು 2,000ವನ್ನೂ ಮುಟ್ಟಲಿಲ್ಲ. 2022ರ ಮೇ ತಿಂಗಳಲ್ಲಿ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೋಬೆ ಮತ್ತು ಉರಾವ ತಂಡಗಳು ಆಡಿದಾಗ 12,000ಕ್ಕೂ ಹೆಚ್ಚು ಜನ ಬಂದರು. ಅದು ಹಬ್ಬದ ದಿನದ ಸಂದಣಿ. ವಿಶ್ವಕಪ್ಪಿನ ಗೆಲುವಿನಿಂದ ಬಂದ ಪ್ರವಾಹವು ಇಳಿದುಹೋಗುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಆದರೂ ಒಂದು ವ್ಯತ್ಯಾಸವುಂಟು. ಹಿಂದೆ ಕಂಪೆನಿಯೊಂದರ ಮನಸ್ಸು ತಿರುಗಿದರೆ ತಂಡವು ಅಳಿಯುತ್ತಿದ್ದಿತು. ಮರೀಜೆಯಿಂದ ಸೆಂದಾಯಿಗೆ ಬಂದ ಹುಡುಗಿಯರಿಗೆ ಆಶ್ರಯವಿತ್ತುದು ಒಂದು ಊರು. ಕಂಪೆನಿಯು ಲೆಕ್ಕಪುಸ್ತಕವನ್ನು ನೋಡಿ ತಂಡವನ್ನು ಮುಚ್ಚಬಹುದು. ಊರಿನವರು ತಮ್ಮ ಮಗಳನ್ನು ಸೋತಳೆಂದು ಮರೆಯಲಾರರು.

ಜೆ ವಿಲೇಜಿನ ಬಯಲುಗಳೂ ಮರಳಿ ಚಿಗುರಿದುವು. 2018ರ ಜುಲೈಯಲ್ಲಿ ಕೆಲವು, 2019ರ ಏಪ್ರಿಲಿನಲ್ಲಿ ಎಲ್ಲವೂ ತೆರೆದುವು. 2021ರ ಮಾರ್ಚ್ 25ರಂದು ಟೋಕಿಯೋ ಒಲಿಂಪಿಕ್ಕಿನ ಜ್ಯೋತಿಯ ಓಟವು ಇಲ್ಲಿಂದಲೇ ಹೊರಟಿತು; ಮೊದಲು ಪಂಜನ್ನು ಹಿಡಿದು ಓಡಿದವರು 2011ರಲ್ಲಿ ಲೋಕವನ್ನು ಗೆದ್ದ ನಾದೆಶಿಕೊ ವನಿತೆಯರೇ.

ನಮ್ಮ ಕಡೆಯ ಹಲವರು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಜಪಾನಿಗೆ ಹೋಗುತ್ತಾರೆ. ಅಂತಹವರು ದೇವಾಲಯಗಳನ್ನು ನೋಡಿದ ಮೇಲೆ ಒಂದು ರಜೆಯ ದಿನವನ್ನು ಸೆಂದಾಯಿಗೆ ಮೀಸಲಿಡಲಿ. ಇಜುಮಿ ಎಂಬ ಭಾಗದಲ್ಲಿ ನೆಲದೊಳಗಿನ ರೈಲಿನ ಕೊನೆಯ ನಿಲ್ದಾಣದ ಬಳಿಯಲ್ಲಿಯೇ ಕ್ರೀಡಾಂಗಣವಿರುವುದು. ಶರತ್ಕಾಲದಿಂದ ಬೇಸಗೆಯ ಆರಂಭದವರೆಗೆ ಪಂದ್ಯಗಳ ಋತು. ಚಳಿಗಾಲದ ನಡುವೆ ಸ್ವಲ್ಪ ಬಿಡುವು. ಮಗಳಿದ್ದರೆ ಕರೆದುಕೊಂಡು ಹೋಗಲಿ. ಆಡುವವರು ಗೆದ್ದರೂ ಸೋತರೂ, ಚೀಟಿಗೆ ತೆತ್ತ ಹಣವು ಮುಂದಿನ ಋತುವಿನ ಅನ್ನಕ್ಕೆ ಸೇರುವುದು.